ಹನ್ನೆರಡನೆಯ ಟ್ಯೂಬು

ನನ್ನ ಮುಖದ ಬಗ್ಗೆ ಕರೋಶಿಯ ಅರ್ಧ ಊರಿಗೆ ಅಭಿಪ್ರಾಯವಿತ್ತು. ನಾನು ಯಾರನ್ನೂ ಕೇಳಿರಲಿಲ್ಲ. ಬೆಳಿಗ್ಗೆ ಆರಕ್ಕೆ ಹಾಲಿನ ಡೇರಿಯ ಬಾಗಿಲು ತೆಗೆದು, ಫ್ಯಾಟ್ ಅಳೆಯುವ ಮಷೀನಿನ ಮುಂದೆ ನಾನು ಕುಳಿತೆನೆಂದರೆ, ಕ್ಯಾನು ಹಿಡಿದು ಬಂದವರೆಲ್ಲ ಮೊದಲು ನನ್ನ ಕೆನ್ನೆ ನೋಡುತ್ತಿದ್ದರು, ಆಮೇಲೆ ಮಷೀನಿನ ಅಂಕಿ. ಒಬ್ಬರು ನಿಂಬೆಹಣ್ಣು ತಿಕ್ಕು ಎನ್ನುತ್ತಿದ್ದರು, ಇನ್ನೊಬ್ಬರು ಹಲ್ಲುಜ್ಜುವ ಪೇಸ್ಟು ಹಚ್ಚು ಎನ್ನುತ್ತಿದ್ದರು. ಎರಡು ಎಮ್ಮೆ ಕಟ್ಟಿದ ತುಳಸವ್ವನಂತೂ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, “ಏನ ಮನಿಷಾ, ಮಾರಿ ತುಂಬ ಅವರಿಕಾಳ ಚೆಲ್ಲಿದಂಗ ಆಗೇತೆಲ್ಲ ಬೇ” ಎನ್ನುತ್ತಿದ್ದಳು. ಆಕೆಯ ಹಾಲಿನಲ್ಲಿ ನೀರೆಷ್ಟಿದೆ ಎಂದು ಮಷೀನು ದಿನಾಲೂ ನನಗೆ ತೋರಿಸುತ್ತಿತ್ತು. ನಾನು ಒಂದು ದಿನವೂ ಅದನ್ನು ಕೂಗಿ ಹೇಳಲಿಲ್ಲ.

ನನಗಾಗ ಇಪ್ಪತ್ತೆರಡು. ಅಪ್ಪ ನಾಮದೇವ ನಾಲ್ಕು ಹಸು, ಒಂದಿಷ್ಟು ಆಡು ಕಟ್ಟಿಕೊಂಡವನು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಎರಡೂ ಭಾಷೆಯಲ್ಲಿ ಮೊಡವೆಗೆ ಇರುವ ಎಲ್ಲ ಮಾತನ್ನೂ ಆ ಕೌಂಟರಿನಲ್ಲಿ ಕೂತೇ ಕೇಳಿದ್ದೇನೆ.

ಒಬ್ಬಳೇ ಒಬ್ಬಳು ನನ್ನ ಮುಖ ನೋಡುತ್ತಿರಲಿಲ್ಲ. ಆಕೆ ಏಕಸಂಬಿಯ ಬಳೆಗಾರ್ತಿ ಹುಸೇನಬಿ.

ಹುಸೇನಬಿಯ ಗಂಡ ಮೈಬೂಬ ಊರೂರು ತಿರುಗಿ ಬಳೆ ತೊಡಿಸುತ್ತಿದ್ದ. ಮಗ ರಿಯಾಜ ನಾಲ್ಕು ವರ್ಷದವನಿದ್ದಾಗ ಆತ ತೀರಿಕೊಂಡ. ಹೆಣ್ಣು ಹೆಂಗಸು ಬುಟ್ಟಿ ಹೊತ್ತು ತಿರುಗುವುದು ಬೇಡ ಎಂದು ಮೈದುನರು ಹೇಳಿದರು. ಅಕ್ಕಿ ಜೋಳ ಯಾರು ಕೊಡುತ್ತಾರೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮರುದಿನವೇ ಆಕೆ ಗಂಡನ ಬುಟ್ಟಿಯನ್ನು ತಲೆಗೇರಿಸಿದಳು. ಚಿಕ್ಕೋಡಿಯ ಸಂತೆ, ರಾಯಬಾಗದ ಸಂತೆ, ನಡುವಿನ ಹಳ್ಳಿಗಳು, ವಾರಕ್ಕೊಮ್ಮೆ ನಮ್ಮ ಕರೋಶಿ. ಮೂವತ್ತು ವರ್ಷ ಹೀಗೇ ನಡೆದಳು.

ಗಂಡ ಕೆಲಸ ಮಾಡುವುದನ್ನು ನೋಡಿ ನೋಡಿ ಆಕೆ ಕೆಲಸ ಕಲಿತಿದ್ದಳು. ಪರರ ಮನೆಯ ಹೆಣ್ಣುಮಕ್ಕಳ ಕೈ ಹಿಡಿಯುವ ಗಂಡಸು ಅವರ ಮುಖ ನೋಡಬಾರದು ಎಂಬುದು ಮೈಬೂಬನ ನೇಮ. ಬಳೆ ಏರಿಸಿ ಮುಗಿಯುವ ತನಕ ಆತನ ಕಣ್ಣು ಕೈ ಬಿಟ್ಟು ಮೇಲೆ ಏಳುತ್ತಿರಲಿಲ್ಲವಂತೆ. ಹೆಂಗಸಾದ ಹುಸೇನಬಿಗೆ ಆ ನೇಮ ಬೇಕಿರಲಿಲ್ಲ. ಆದರೂ ಬುಟ್ಟಿಯ ಜೊತೆ ಅದನ್ನೂ ಹೊತ್ತುಕೊಂಡಳು. ಕೈ ನೋಡಿಯೇ, ಬಳೆಯ ಅಳತೆಯಲ್ಲೇ ಮಾತಾಡುತ್ತಿದ್ದಳು. “ಎರಡು-ನಾಕು ಇದ್ದ ಕೈ ಎರಡು-ಆರು ಆಗೇತಿ, ಚಲೋ ಉಣ್ಣಾಕತ್ತಿ” ಎನ್ನುವಳು. ಮುಖ ತೋರಿಸಿದರೂ ಗುರುತು ಸಿಗದ ಹೆಂಗಸಿನ ಕೈ ಹಿಡಿದರೆ ಸಾಕು, ಆಕೆಯ ಬಾಣಂತನದ ಲೆಕ್ಕವನ್ನೂ ಹೇಳುವಳು.

ಇನ್ನೊಂದು ನೇಮವಿತ್ತು. ಬಳೆ ಏರಿಸುವಾಗ ಒಡೆದರೆ ಅದು ಬಳೆಗಾರ್ತಿಯದೇ ತಪ್ಪು. “ನನ್ನ ಕೈಯಾಗ ಒಡದದ್ದು ನಂದು” ಎಂದು ಚೂರು ಆರಿಸಿ ಚೀಲಕ್ಕೆ ಹಾಕಿಕೊಂಡು ಹೊಸದನ್ನು ತೆಗೆಯುವಳು. ಎಲ್ಲ ಮುಗಿದ ಮೇಲೆ ಒಂದು ಬಳೆ ಹೆಚ್ಚಿಗೆ. ನಾವು ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದೆವು.

ಆಕೆಯ ಮುಂದೆ ಕುಳಿತ ಆ ಹದಿನೈದು ನಿಮಿಷ ನನಗೆ ಮುಖವೇ ಇರುತ್ತಿರಲಿಲ್ಲ, ಕೈ ಅಷ್ಟೇ ಇರುತ್ತಿತ್ತು. ಎಂಥ ಸುಖ ಅದು! ಆ ಸುಖವೇ ಮುಂದೆ ಕುತ್ತಿಗೆಗೆ ಬಂತು.

ಬಳೆಯ ವ್ಯಾಪಾರ ಬಿದ್ದುಹೋದ ಮೇಲೆ ಹುಸೇನಬಿಯ ಬುಟ್ಟಿಯೊಳಗೆ ಪಿನ್ನು, ಹಣೆಯ ಟಿಕಳಿ, ಪೌಡರು ಸೇರಿದ್ದವು. ನಿಪ್ಪಾಣಿಯಲ್ಲಿ ಸಗಟು ಮಾರುವವನೊಬ್ಬ ಒಂದು ಸಲ ಅವುಗಳ ಜೊತೆ ಹನ್ನೆರಡು ಟ್ಯೂಬಿನ ಡಬ್ಬಿ ಇಟ್ಟ. ಟ್ಯೂಬಿನ ಮೇಲೆ ಬೆಳ್ಳಗಿನ ಹುಡುಗಿಯ ಚಿತ್ರ. ಒಳಗೇನಿದೆ, ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಎಂದು ಒಂದಕ್ಷರವಿಲ್ಲ. ಮೊಡವೆಗೂ ಇದೇ, ಬೆಳ್ಳಗಾಗಲಿಕ್ಕೂ ಇದೇ ಎಂದನಂತೆ. ಹುಸೇನಬಿಗೆ ಓದಲು ಬರುವುದಿಲ್ಲ. ನನಗೆ ಬರುತ್ತದೆ. ಬಿಎ ಪಾಸಾದ ನಾನು ಟ್ಯೂಬನ್ನು ತಿರುಗಿಸಿಯೂ ನೋಡಲಿಲ್ಲ. ಬುಟ್ಟಿಯಲ್ಲಿ ಕಂಡೊಡನೆ ಕೈ ಹಾಕಿದವಳು ನಾನೇ.

ಎಂಟೇ ದಿನಕ್ಕೆ ಮುಖ ನುಣ್ಣಗಾಯಿತು. ಹದಿನೈದನೇ ದಿನಕ್ಕೆ ತುಳಸವ್ವ ಬಾಯಿ ಮುಚ್ಚಿದಳು. ಡೇರಿಯ ಸಾಲಿನಲ್ಲಿ ನಿಂತ ಹುಡುಗಿಯರು ಏನು ಹಚ್ಚಿದೆ ಎಂದು ಕಿವಿಯಲ್ಲಿ ಕೇಳಿದರು, ನಾನು ಹೆಮ್ಮೆಯಿಂದ ಹೇಳಿದೆ. ಹುಸೇನಬಿ ಯಾರಿಗೂ ಬಲವಂತ ಮಾಡಲಿಲ್ಲ, ನನ್ನ ಕೆನ್ನೆಯೇ ಅದನ್ನು ಮಾರಿತು. ಕೊಂಡವರೇ ಮತ್ತೆ ಕೊಂಡರು, ಡಬ್ಬಿ ತೀರಿದ ಹಾಗೆಲ್ಲ ಆಕೆ ಇನ್ನೊಂದು ತಂದಳು. ಇದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ನೆತ್ತಿಗೇರುತ್ತದೆ.

ನಾಲ್ಕು ತಿಂಗಳು ಹಚ್ಚಿದೆ. ಆಮೇಲೆ ಹುಸೇನಬಿಯ ಮೊಣಕಾಲು ಬಾತು ಐದು ವಾರ ಆಕೆ ಬರಲಿಲ್ಲ. ನನ್ನ ಟ್ಯೂಬು ಖಾಲಿಯಾಯಿತು. ನಾಲ್ಕು ದಿನದಲ್ಲಿ ಮುಖಕ್ಕೆ ಬೆಂಕಿ ಬಿತ್ತು. ಕೆನ್ನೆ ಕೆಂಪಗೆ ಉರಿಯಿತು, ಮೊದಲು ಹತ್ತು ಇದ್ದಲ್ಲಿ ನಲವತ್ತು ಮೊಡವೆ ಕೀವು ತುಂಬಿ ಎದ್ದವು, ದವಡೆಯ ಮೇಲೆ ಕೂದಲು ಕಂಡಿತು. ಡೇರಿಯ ಸೆಕ್ರೆಟರಿ ಸಂಭಾಜಿ ಗೋಡೆಯ ಕಡೆ ನೋಡುತ್ತ, “ಸ್ವಲ್ಪ ದಿನ ಹಿಂದಿನ ಖೋಲಿಯಾಗ ಕ್ಯಾನ್ ತೊಳಿಯೂ ಕೆಲಸ ನೋಡ್ಕೊ ಮನಿಷಾ. ಮಂದಿ ಹೇಸಕೊಳ್ಳಾಕತ್ತಾರ” ಎಂದ. ನಾನು ಹೋದೆ. ಹೋದದ್ದಕ್ಕೂ ನನಗೆ ಸಿಟ್ಟಿದೆ.

ಐದು ವಾರದ ಮೇಲೆ ಹುಸೇನಬಿ ಕುಂಟುತ್ತ ಬಂದಳು. ನಮ್ಮ ಕಟ್ಟೆಯ ಮೇಲೆ ಕುಳಿತು ನನ್ನ ಕೈ ಹಿಡಿದು, “ಕೈ ಬಿಗಿ ಯಾಕ ಹಿಡದಿ? ಸಡ್ಲ ಬಿಡು” ಎಂದಳು. ಕಣ್ಣು ಕೈಯ ಮೇಲೇ ಇತ್ತು. ನನಗೆ ತಡೆಯಲಾಗಲಿಲ್ಲ. ಮುಖಕ್ಕೆ ಸುತ್ತಿದ್ದ ಓಢಣಿಯನ್ನು ಕಿತ್ತೆ.

“ಕೈ ಸಾಕ ಮಾಡು. ಒಮ್ಮೆರ ಮಾರಿ ನೋಡು. ನೀ ಮಾರಿದ್ದು ಏನ್ ಮಾಡೇತಿ ನೋಡು!”

ಆಕೆ ತಲೆ ಎತ್ತಿದಳು. ನಾನು ಐದು ವರ್ಷದವಳಿದ್ದಾಗಿನಿಂದ ನನಗೆ ಬಳೆ ತೊಡಿಸಿದ ಹೆಂಗಸು ಅಂದು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದಳು. ಅಯ್ಯೋ ಎನ್ನಲಿಲ್ಲ. ಅಲ್ಲಾನ ಹೆಸರೂ ಎತ್ತಲಿಲ್ಲ. ಬುಟ್ಟಿಗೆ ಬಟ್ಟೆ ಮುಚ್ಚಿ, “ನನ್ನ ಕೈಯಾಗ ಒಡದದ್ದು ನಂದು. ಚಪ್ಪಲಿ ಹಾಕ್ಕೋ” ಎಂದಳು.

ಚಿಕ್ಕೋಡಿಯ ದವಾಖಾನೆಯ ಡಾಕ್ಟರಮ್ಮ ಖಾಲಿ ಟ್ಯೂಬನ್ನು ಹೊರಳಿಸಿ ನೋಡಿ ಇದನ್ನು ಯಾರು ಕೊಟ್ಟರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹುಸೇನಬಿ, “ನಾನ ಕೊಟ್ಟೇನ್ರಿ. ಬೈಯೂದಿದ್ರ ನನಗ ಬೈರಿ” ಎಂದಳು. ಡಾಕ್ಟರಮ್ಮ ಬೈದರು, ಚೆನ್ನಾಗಿಯೇ ಬೈದರು. ಹೆಸರಿಲ್ಲದ ಇಂಥ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಅದು ಮೊಡವೆಯನ್ನು ವಾಸಿ ಮಾಡುವುದಿಲ್ಲ, ಅಡಗಿಸಿಡುತ್ತದೆ, ಚರ್ಮವನ್ನು ತೆಳ್ಳಗೆ ಮಾಡುತ್ತದೆ, ಬಿಟ್ಟ ಕೂಡಲೇ ಎಲ್ಲ ಒಮ್ಮೆಗೇ ಹೊರಗೆ ಬರುತ್ತದೆ ಎಂದರು. ಎರಡು ತಿಂಗಳ ಮಾತ್ರೆ, ಮುಖಕ್ಕೆ ಬರೀ ಮೃದುವಾದ ಸೋಪು ಮತ್ತು ತೇವ ಉಳಿಸುವ ಕ್ರೀಮು. ಆ ಟ್ಯೂಬಿಗೆ ಮಾತ್ರ ಮತ್ತೆ ಕೈ ಹಾಕಕೂಡದು.

ಬಸ್ಸಿನಲ್ಲಿ ಹುಸೇನಬಿ ಬೆರಳು ಮಡಚತೊಡಗಿದಳು. ಕೊನೆಯ ಡಬ್ಬಿಯಲ್ಲಿ ಹನ್ನೆರಡು ಟ್ಯೂಬಿದ್ದವು, ಬುಟ್ಟಿಯಲ್ಲಿ ಒಂದೂ ಉಳಿದಿಲ್ಲ. ಯಾರ್‍ಯಾರಿಗೆ ಕೊಟ್ಟೆ ಎಂದು ಕೈಯಿಂದಲೇ ನೆನೆಸಿಕೊಂಡಳು. ಕಿರುಬೆರಳು ಸೊಟ್ಟ ಇದ್ದ ಕೈ, ಎಡಗೈಗೆ ಸುಟ್ಟ ಕಲೆ ಇದ್ದ ಕೈ, ರಾಯಬಾಗದ ಎರಡು-ಎರಡರ ಸಣ್ಣ ಕೈ. ನನ್ನದೂ ಸೇರಿ ಹನ್ನೊಂದಾಯಿತು. ಹನ್ನೆರಡನೆಯ ಕೈ ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ.

“ಹನ್ನೆರಡೂ ವಾಪಸ್ ತರ್ತೇನಿ. ಹನ್ನೆರಡೂ ಕೂಡಿದ ಮ್ಯಾಲ ನಿಪ್ಪಾಣಿಗಿ ಹೋಗಿ ಆ ಹರಾಮಖೋರನ ಮಾರಿಗೆ ಒಗೀತೇನಿ” ಎಂದಳು.

ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಮನೆಮನೆ ತಿರುಗಿದಳು. ಮಾರಿದ್ದನ್ನು ಮರಳಿ ಕೇಳುವ ವ್ಯಾಪಾರಿಯನ್ನು ಯಾರು ನೋಡಿದ್ದಾರೆ? ಒಬ್ಬಳು ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳ ಅತ್ತೆ ಜಾತಿ ಎತ್ತಿ ಬೈದಳು, ಅದೇ ಅತ್ತೆಗೆ ಬಳೆ ತೊಡಿಸಿದವಳು ಇದೇ ಹುಸೇನಬಿ. ರಾಯಬಾಗದ ಹುಡುಗಿ, “ಮುಂದಿನ ವಾರ ನನ್ನ ನೋಡಾಕ ಬರಾಕತ್ತಾರ್ರಿ, ಅಲ್ಲೀ ಮಟ ಇಟ್ಕೊತೇನ್ರಿ” ಎಂದು ಅತ್ತಳು. ಹುಸೇನಬಿ ಹೊಸ್ತಿಲ ಮುಂದೆ ಮಧ್ಯಾಹ್ನದ ತನಕ ಕೂತಳು, ಟ್ಯೂಬು ಕೈಗೆ ಬಂದ ಮೇಲೆಯೇ ಎದ್ದಳು. ಥಟ್ಟನೆ ಬಿಟ್ಟರೆ ಮುಖ ಕೆರಳುತ್ತದೆ, ಹೆದರಬೇಡಿ, ಡಾಕ್ಟರ ಕಡೆ ಹೋಗಿ ಎಂದು ಒಬ್ಬೊಬ್ಬರಿಗೂ ಹೇಳಿದಳು. ಅರ್ಧ ಊರು ಆಕೆಯಿಂದ ಬಳೆ ತೊಡುವುದನ್ನು ಬಿಟ್ಟಿತು. ಹನ್ನೊಂದು ಟ್ಯೂಬು ಬಂದವು, ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ಮನೆಯ ಗೋಡೆಯ ಮಾಡದಲ್ಲಿಟ್ಟಳು. ಹನ್ನೆರಡನೆಯದು ಬರಲಿಲ್ಲ. ಆದ್ದರಿಂದ ನಿಪ್ಪಾಣಿಗೆ ಹೋಗಲೂ ಇಲ್ಲ. ಹಠ ಎಂದರೆ ಹಠ.

ಎರಡು ತಿಂಗಳ ಮೇಲೆ ಮುಖದ ಉರಿ ಇಳಿಯಿತು, ಮೊಡವೆ ಉಳಿದವು. ಡಾಕ್ಟರಮ್ಮ ಈ ಸಲ ಬೆಂಝಾಯ್ಲ್ ಪೆರಾಕ್ಸೈಡ್ ಎಂಬ ಜೆಲ್ ಬರೆದುಕೊಟ್ಟರು. ಎಲ್ಲ ಔಷಧ ಅಂಗಡಿಯಲ್ಲೂ ಸಿಗುವಂಥದ್ದು, ಎರಡೂವರೆ ಪರ್ಸೆಂಟಿನದು. ತೆಳ್ಳಗೆ ಹಚ್ಚು ಎಂದರು. ಏನೇನೋ ಇನ್ನೂ ಹೇಳಿದರು, ಜೊತೆಗೆ ಬಂದಿದ್ದ ಹುಸೇನಬಿ ಕಿವಿಗೊಟ್ಟು ಕೇಳಿದಳು, ನಾನು ತಲೆ ಅಲ್ಲಾಡಿಸಿದೆ.

ತೆಳ್ಳಗೆ ಎಂದರೆ ಏನು? ನಮ್ಮ ಮನೆಯಲ್ಲಿ ಮುಖಕ್ಕೆ ಹಚ್ಚುವುದೆಂದರೆ ಅರಿಸಿನ. ಅಂಗೈ ತುಂಬ ತೆಗೆದು, ಹಣೆಯಿಂದ ಕುತ್ತಿಗೆಯವರೆಗೆ ಬಳಿದು, ಬಿಗಿಯುವ ತನಕ ಬಿಸಿಲಿಗೆ ಕೂಡುವುದು. ನಾನು ಜೆಲ್ಲನ್ನೂ ಹಾಗೇ ಬಳಿದೆ, ಹೊತ್ತಿಗೆರಡು ಸಲ. ಬೇಗ ಹೋಗಲಿ ಎಂದು ನಡುವೆ ನಿಂಬೆರಸವನ್ನೂ ತಿಕ್ಕಿದೆ. ಐದನೇ ದಿನ ತುಟಿಯ ಮೂಲೆ ಸೀಳಿತು, ಮೂಗಿನ ಪಕ್ಕ ಚರ್ಮ ಸುಲಿಯಿತು. ಡೇರಿಯ ನೀಲಿ ಓಢಣಿಯ ಮೇಲೆ ಸುಣ್ಣ ಸಿಡಿದಂತೆ ಬಿಳಿ ಕಲೆ. ಓಢಣಿಯ ಬಣ್ಣವನ್ನೇ ತಿನ್ನುವ ಔಷಧ ನನ್ನ ಮುಖವನ್ನು ಬಿಡುತ್ತದೆಯೇ ಎಂದು ಟ್ಯೂಬನ್ನು ದನದ ಕೊಟ್ಟಿಗೆಗೆ ಎಸೆದೆ.

ಆ ವಾರ ಬಂದ ಹುಸೇನಬಿ ಮೊದಲು ನನ್ನ ಮುಖ ನೋಡಿದಳು. ಈಗೀಗ ನನ್ನದೊಂದು ಮುಖ ನೋಡುವುದನ್ನು ಕಲಿತಿದ್ದಳು. ವಿಷಯ ತಿಳಿದೊಡನೆ ಕೊಟ್ಟಿಗೆಗೆ ಹೋಗಿ ಟ್ಯೂಬು ಹುಡುಕಿ, ತೊಳೆದು, ನನ್ನೆದುರು ಕುಕ್ಕಿದಳು.

“ಡಾಕ್ಟರಮ್ಮ ಹೇಳಿದ್ದು ಬಾಯಿಪಾಠ ಹೇಳ್ಲೇನು? ನನಗ ಓದಾಕ ಬರೂದಿಲ್ಲ, ಅದಕ್ಕ ಕೇಳಿದ್ದು ಮರಿಯಂಗಿಲ್ಲ. ನಿನಗ ಓದಾಕ ಬರತೈತಿ, ಅದಕ್ಕ ಕಿವಿ ಮುಚ್ಚಿದಿ. ಎರಡು-ನಾಕರ ಬಳಿ ನಿನ್ನ ಕೈಗೆ ಹೆಂಗ ಏರಸ್ತೇನಿ? ದಮ್ ಹಾಕಿ ನೂಕ್ತೇನೇನು? ಒಂದೊಂದ, ಹಗೂರ್ಕ, ಕೈ ತಾನ ಒಪ್ಪಬೇಕು. ನೂಕಿದ್ರ ರಗತಾನ.”

ಎಂಟು ದಿನ ಏನೂ ಹಚ್ಚಬೇಡ, ಬರೀ ಕ್ರೀಮು ಹಚ್ಚು ಎಂದಳು. ಆಮೇಲೆ ತಾನೇ ಕುಳಿತು ತೋರಿಸಿದಳು. ಮುಖ ತೊಳೆದು, ತಿಕ್ಕದೆ ಒತ್ತಿ ಒರೆಸಿ, ಪೂರಾ ಆರಲು ಬಿಡಬೇಕು. ಕಡಲೆ ಕಾಳಿನಷ್ಟೇ ಜೆಲ್. ಒಂದು ಕಾಳು ಇಡೀ ಮುಖಕ್ಕೆ. ಮೊಡವೆಯ ತಲೆಗೆ ಮಾತ್ರ ಚುಕ್ಕಿ ಇಡುವುದಲ್ಲ, ಏಳುವ ಜಾಗಕ್ಕೆಲ್ಲ ತೆಳ್ಳಗೆ ಸವರುವುದು. ಕಣ್ಣು, ತುಟಿ, ಮೂಗಿನ ಸಂದಿನ ಹತ್ತಿರ ಸುಳಿಯಬಾರದು. ಮೊದಲು ಒಂದು ದಿನ ಬಿಟ್ಟು ಒಂದು ದಿನ, ಅದೂ ಸಂಜೆ. ಚರ್ಮ ತಡೆದುಕೊಂಡರೆ ದಿನಾಲೂ, ಉರಿದರೆ ಮತ್ತೆ ಬಿಡುವು. ಮುಖವೋ ತುಟಿಯೋ ಬಾತರೆ, ಉಸಿರು ಕಟ್ಟಿದಂತಾದರೆ ತೊಳೆದುಕೊಂಡು ನೇರ ದವಾಖಾನೆಗೆ. ಹಚ್ಚಿದ ಕೈ ತೊಳೆಯಬೇಕು, ತಲೆದಿಂಬಿಗೆ ಬಿಳಿ ಬಟ್ಟೆ ಹಾಕಬೇಕು, ಬಿಸಿಲಿಗೆ ಹೋಗುವಾಗ ಮುಖ ಮರೆಮಾಡಬೇಕು. ನಿಂಬೆ, ಪೇಸ್ಟು, ಅರಿಸಿನ ಯಾವುದೂ ಮೇಲೆ ಬೇಡ.

“ಎಷ್ಟ ದಿನಾ?” ಎಂದೆ.

“ಎರಡ ತಿಂಗಳ ಏನೂ ಕಾಣೂದಿಲ್ಲ ಅಂದಾರ. ಎಂಟ ದಿನದಾಗ ಬೆಳ್ಳಗಾಗೂ ಔಷಧಾ ನೋಡಿದೆಲ್ಲ, ಸಾಕಾಗಿಲ್ಲೇನು?”

ಪ್ರತಿ ವಾರ ಬಂದು ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ ಬೈದು ಹೋದಳು. ತಿಂಗಳಾದರೂ ಏನೂ ಇಲ್ಲ, ನಾನು ಆಕೆಗೆ ತಿರುಗಿ ಬೈದೆ. ಒಂಬತ್ತನೇ ವಾರಕ್ಕೆ ಹೊಸ ಮೊಡವೆ ಏಳುವುದು ನಿಂತಿತು. ಮೂರು ತಿಂಗಳಿಗೆ ಕಲೆಗಳಷ್ಟೇ ಉಳಿದವು. ಕಲೆ ಈಗಲೂ ಇವೆ, ಇರಲಿ. ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಮಷೀನಿನ ಮುಂದೆ ಹೋಗಿ ಕುಳಿತೆ. ಸಂಭಾಜಿ ಗೋಡೆ ನೋಡಿದ. ತುಳಸವ್ವ ಕ್ಯಾನು ಇಟ್ಟಾಗ ಅವಳ ಹಾಲಿನಲ್ಲಿ ಎಷ್ಟು ನೀರಿದೆ ಎಂಬುದನ್ನು ಸಾಲಿಗೆಲ್ಲ ಕೇಳುವ ಹಾಗೆ ಓದಿದೆ.

ಇಷ್ಟಾದರೂ ಹುಸೇನಬಿಗೆ ಸಮಾಧಾನವಿರಲಿಲ್ಲ. ಹನ್ನೆರಡನೆಯ ಕೈ ಎನ್ನುವುದೇ ಆಕೆಯ ಜಪ. ಎಲ್ಲೋ ಒಬ್ಬಳು ಮೂಲೆಯಲ್ಲಿ ಕೂತು ಮುಖ ಸುಟ್ಟುಕೊಳ್ಳುತ್ತಿದ್ದಾಳೆ, ಅದು ನನ್ನ ತಲೆಯ ಮೇಲಿದೆ ಎನ್ನುವಳು. ಕೊನೆಗೆ ನನಗೇ ಸಾಕಾಯಿತು. ಹನ್ನೊಂದನ್ನೇ ಒಯ್ದು ಆ ನಿಪ್ಪಾಣಿಯವನಿಗೆ ಒಗೆದು ಬರೋಣ, ನಾನೂ ಬರುತ್ತೇನೆ ಎಂದು ಹಾಲಿನ ಕೆಲಸ ಮುಗಿಸಿ ಏಕಸಂಬಿಯ ಬಸ್ಸು ಹತ್ತಿದೆ. ಆಕೆಯ ಮನೆಗೆ ಹೋದದ್ದು ಅದೇ ಮೊದಲು.

ಮಗ ರಿಯಾಜ ಕಬ್ಬಿನ ಟ್ರ್ಯಾಕ್ಟರು ಹೊಡೆಯುವವನು, ಹಂಗಾಮಿನಲ್ಲಿ ವಾರಗಟ್ಟಲೆ ಮನೆಗೆ ಬರುವುದಿಲ್ಲ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಸೊಸೆ ತಸ್ಲೀಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಚಹಾ ತಂದಳು. ಹುಸೇನಬಿ ಅವಳ ಕೈಯನ್ನೇ ನೋಡುತ್ತ ಕಪ್ಪು ತೆಗೆದುಕೊಂಡಳು. ನಾನು ಮುಖ ನೋಡಿದೆ. ಕೆನ್ನೆ ಗಾಜಿನಂತೆ ಹೊಳೆಯುತ್ತಿತ್ತು, ಒಳಗಿನ ಕೆಂಪು ನರದ ಎಳೆಗಳು ಕಾಣುತ್ತಿದ್ದವು, ದವಡೆಯ ಮೇಲೆ ಕೂದಲು. ಆ ಮುಖವನ್ನು ನಾನು ಕನ್ನಡಿಯಲ್ಲಿ ನೋಡಿದ್ದೆ.

ಹುಸೇನಬಿ ಮಾಡದಿಂದ ಡಬ್ಬಿ ಇಳಿಸಿ ಮುಚ್ಚಳ ತೆಗೆದಳು. ನನ್ನ ಖಾಲಿ ಟ್ಯೂಬಿನ ಹೊರತು ಉಳಿದ ಹತ್ತರಲ್ಲಿ ಒಂಬತ್ತು ಬಾಲದಿಂದ ಕುತ್ತಿಗೆಯವರೆಗೆ ಸುತ್ತಿ ಸುತ್ತಿ ಹಿಂಡಿದ್ದವು. ಆಕೆ ತಂದಾಗ ಅವು ಅರ್ಧರ್ಧ ತುಂಬಿದ್ದವು.

“ಇಲಿ ತಿಂದಾವೇನು?” ಎಂದಳು.

“ಇಲಿ ಅಲ್ಲ. ಮಾರಿ ಎತ್ತಿ ನೋಡು” ಎಂದೆ. ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು.

ತಸ್ಲೀಮ ಓಡಿಹೋಗಲಿಲ್ಲ. ಗೋಡೆಗೆ ಆತು ನಿಂತು, ಎಷ್ಟೋ ದಿನದಿಂದ ಕೂಡಿಟ್ಟುಕೊಂಡವಳಂತೆ ಒಮ್ಮೆಗೇ ಹೇಳಿದಳು.

“ಹೌದ್ರಿ, ನಾನ. ಬುಟ್ಟಿಯಾಗಿಂದ ಆ ಹನ್ನೆರಡನೇದು ತಗೊಂಡಾಕಿನೂ ನಾನ. ನಿಮ್ಮ ಮೊಣಕಾಲಿಗೆ ಐದು ವಾರ ಎಣ್ಣಿ ತಿಕ್ಕೇನಿ, ಎದುರಿಗೇ ಕುಂತೇನಿ. ನೋಡ್ತೀರಿ, ಕೇಳ್ತೀರಿ, ಕೇಳಿದ ದಿನ ಹೇಳಿಬಿಡೂನು ಅಂತ ಮಾಡಿದ್ದೆ. ಆಮ್ಯಾಲ ಬಿಟ್ರ ಉರಿ ತಡಿಲಾರ್ದಂಗ ಆತು, ಮತ್ತ ಹಚ್ಚಿದೆ. ಮಂದಿ ಹನ್ನೊಂದು ಮನಿ ಬಾಗಲಾ ಬಡದ್ರಿ. ಈ ಮನೀದ ಒಂದು ಉಳೀತು.”

ಹುಸೇನಬಿಯ ಕೈ ಮೇಲೆದ್ದಿತು. ಹೊಡೆಯುತ್ತಾಳೆ ಎಂದುಕೊಂಡೆ, ತಸ್ಲೀಮಳೂ ಕಣ್ಣು ಮುಚ್ಚಿದಳು. ಆ ಕೈ ಡಬ್ಬಿಯ ಮೇಲೆ ಬಿತ್ತು. ಹನ್ನೊಂದು ಟ್ಯೂಬೂ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು.

“ಹೆಂಥಾ ಕುರುಡಿ ಬೇ ನಾನು! ವಿಷಾ ಆರ್ಸಿ ತಂದು ಮನಿಯಾಗ ಇಟ್ಟೆ” ಎಂದು ತನ್ನನ್ನೇ ಬೈದುಕೊಂಡಳು. ಅಷ್ಟು ಸಿಟ್ಟನ್ನು ನಾನು ಆಕೆಯ ಬಾಯಲ್ಲಿ ಅದರ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ನಿಪ್ಪಾಣಿಯವನು ಇವತ್ತಿಗೂ ಅಂಗಡಿ ತೆರೆದು ಕೂತಿದ್ದಾನೆ, ಆ ಮಾತು ಬೇರೆ. ಅವತ್ತು ಹುಸೇನಬಿಗೆ ಅವನ ನೆನಪೂ ಆಗಲಿಲ್ಲ. “ಬುರ್ಖಾ ಹಾಕ್ಕೋ. ಚಿಕ್ಕೋಡಿ ಬಸ್ಸಿಗೆ ಇನ್ನೂ ಹೊತ್ತೈತಿ” ಎಂದು ಸೊಸೆಗೆ ಹೇಳಿ, ಮೊಣಕಾಲು ಹಿಡಿದು ಎದ್ದಳು. ಎದ್ದವಳು ತಸ್ಲೀಮಳ ಗದ್ದ ಹಿಡಿದು ಬಾಗಿಲ ಬೆಳಕಿಗೆ ಕರೆದುಕೊಂಡು ಹೋದಳು. ಸೆರಗು ಸರಿಸಿ, ಹಣೆ, ಕೆನ್ನೆ, ತುಟಿ ಒಂದೊಂದಾಗಿ ನೋಡಿದಳು. ನೋಡುತ್ತ ನೋಡುತ್ತ ಬೆರಳು ಗದ್ದದ ಕೆಳಗೆ ನಿಂತಿತು.

“ಇಲ್ಲಿ ನಿನಗ ಮಚ್ಚಿ ಐತೇನ?”

ತಸ್ಲೀಮ ಆ ಮನೆಗೆ ಬಂದು ಮೂರು ವರ್ಷವಾಗಿತ್ತು.

“ಹುಟ್ಟಿದಾಗಿಂದ ಐತ್ರಿ” ಎಂದಳು.